ಕಲ್ಲಿನ ಗುಡ್ಡೆಯ ಮೇಲಿದ್ದ ಕಡ್ಡಿ

ನಮ್ಮೂರಿನಲ್ಲಿ ನನ್ನ ಬಗ್ಗೆ ಎರಡು ಸುಳ್ಳು ಓಡಾಡುತ್ತವೆ. ಒಂದು, ತಂಗಿ ಓದಲಿ ಎಂದು ನಾನು ಶಾಲೆ ಬಿಟ್ಟೆ ಎನ್ನುವುದು. ಇನ್ನೊಂದು, ತಂಗಿಯ ಕಲ್ಲುಗಳನ್ನು ನಾನು ಗೊತ್ತಿಲ್ಲದೆ ಕೆಡಿಸಿದೆ ಎನ್ನುವುದು. ಎರಡೂ ನನಗೆ ಒಳ್ಳೆಯ ಹೆಸರು ತಂದ ಸುಳ್ಳುಗಳು. ಅದಕ್ಕೇ ಇಷ್ಟು ಕಾಲ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಮುಚ್ಚಿಕೊಳ್ಳುವುದಿಲ್ಲ.

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಏಳನೇ ತರಗತಿಯಾದ ಮೇಲೆ ನನ್ನನ್ನು ಯಾರೂ ಶಾಲೆ ಬಿಡಿಸಲಿಲ್ಲ. ಆಗ ಅಪ್ಪ ಇನ್ನೂ ಇದ್ದರು. ಹೈಸ್ಕೂಲಿಗೆ ಹೋಗು ಅಂತ ಬೈದರು, ಹೊಸ ಚೀಲವನ್ನೂ ತಂದುಕೊಟ್ಟರು. ನಾನೇ ಹೋಗಲಿಲ್ಲ. ಬೆಂಚಿನ ಮೇಲೆ ಕೂತರೆ ನಿದ್ದೆ ಬರುತ್ತಿತ್ತು, ಸೊಪ್ಪಿನ ಮುಂದೆ ಕೂತರೆ ಬರುತ್ತಿರಲಿಲ್ಲ. ಅಷ್ಟೇ ಕಾರಣ. ತಂಗಿಗೆ ಆಗಿನ್ನೂ ಮೂಗು ಒರೆಸಿಕೊಳ್ಳಲು ಬರುತ್ತಿರಲಿಲ್ಲ. ಅವಳ ಓದಿಗಾಗಿ ತ್ಯಾಗ ಮಾಡುವಷ್ಟು ಮುಂದಾಲೋಚನೆ ನನಗೆಲ್ಲಿತ್ತು?

ಎರಡನೆಯದಕ್ಕೆ ಸ್ವಲ್ಪ ವಿವರ ಬೇಕು.

ಸೊಪ್ಪು ಎಂದರೆ ಹೊಗೆಸೊಪ್ಪು. ಪಿರಿಯಾಪಟ್ಟಣ, ಹುಣಸೂರು ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಗಿಡದಲ್ಲಿ ಬುಡದ ಎಲೆ ಮೊದಲು ಹಣ್ಣಾಗುತ್ತದೆ, ಆಮೇಲೆ ನಡುವಿನದು, ಕೊನೆಗೆ ತುದಿಯದು. ಆಯಾ ಹೊತ್ತಿಗೆ ಮುರಿದು ತಂದು, ಉದ್ದನೆಯ ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಅನ್ನುವ, ಕೆಳಗೆ ಬೆಂಕಿ ಹಾಕುವ ಎತ್ತರದ ಮನೆಯ ಬಿಸಿಯಲ್ಲಿ ಬೇಯಿಸುತ್ತೇವೆ. ಬೆಂದ ಮೇಲೆ ಒಂದೊಂದೇ ಎಲೆಯನ್ನು ಬೆಳಕಿಗೆ ಹಿಡಿದು, ಬಣ್ಣ ನೋಡಿ, ಬೆರಳಲ್ಲಿ ಮೈ ಸವರಿ, ಬೇರೆ ಬೇರೆ ಗುಡ್ಡೆ ಮಾಡಬೇಕು. ಗ್ರೇಡ್ ಮಾಡುವುದು ಅಂತಾರೆ ಇದಕ್ಕೆ. ಈ ಕೆಲಸದಲ್ಲಿ ನನ್ನ ಕೈ ಗಟ್ಟಿ. ಅಕ್ಕಪಕ್ಕದ ಊರಿನವರೂ ಹರಾಜಿಗೆ ಮುಂಚೆ ನನ್ನನ್ನು ಕರೆಯುತ್ತಾರೆ. ಜಂಬ ಅಂದುಕೊಂಡರೆ ಅಂದುಕೊಳ್ಳಿ. ಈ ಜಂಬವೇ ಮುಂದೆ ನನ್ನ ಕೈಯಿಂದ ಕೆಲಸ ಮಾಡಿಸಿತು.

ನಮ್ಮ ಶೆಡ್ಡಿನಲ್ಲಿ ಒಂದು ಕಟ್ಟಳೆ ಇದೆ. ಗುಡ್ಡೆ ಮಾಡಿದವರು ಅದರ ಮೇಲೆ ಒಂದು ಬ್ಯಾರನ್ ಕಡ್ಡಿಯನ್ನು ಅಡ್ಡ ಇಟ್ಟು ಎದ್ದು ಹೋದರೆ, ಇನ್ನೊಬ್ಬರು ಆ ಗುಡ್ಡೆ ಮುಟ್ಟುವ ಹಾಗಿಲ್ಲ. ಬೆಂದ ಮೇಲೆ ಬುಡದ ಎಲೆಯೂ ನಡುವಿನ ಎಲೆಯೂ ಕೆಲವು ಸಲ ಒಂದೇ ಥರ ಕಾಣುತ್ತವೆ. ಯಾವ ಗುಡ್ಡೆಯಲ್ಲಿತ್ತು ಅನ್ನುವುದೊಂದೇ ಆಗ ಉಳಿಯುವ ಗುರುತು. ಅದು ತಪ್ಪಿದರೆ ನನ್ನ ಕೈಗೂ ಸಿಕ್ಕುವುದಿಲ್ಲ. ತಂಗಿ ಚಿಕ್ಕವಳಿದ್ದಾಗ ಒಂದು ಸಲ ಆ ಕಡ್ಡಿ ಎಳೆದುಕೊಂಡು ಕುದುರೆ ಆಟ ಆಡಿದ್ದಳು. ತೊಡೆ ಕೆಂಪಾಗುವ ಹಾಗೆ ಅವಳಿಗೆ ಬಾರಿಸಿದವಳು ನಾನೇ.

ಆ ತಂಗಿ ಬೆಳೆದು ಮೈಸೂರಿಗೆ ಹೋಗಿ ಭೂಮಿಯ ವಿಷಯ ಓದಿದಳು. ಓದು ಮುಗಿಯಿತು ಅಂದುಕೊಂಡಾಗ ಮತ್ತೆ ಸಂಶೋಧನೆ ಅಂತ ಸೇರಿಕೊಂಡಳು. ಏನನ್ನು ಹುಡುಕುತ್ತಾಳೆ ಅಂತ ಕೇಳಿದವರಿಗೆ ಅವ್ವ ಹೇಳುತ್ತಿದ್ದದ್ದು: "ಪಾಚಿ ಕಣವ್ವ. ಕಲ್ಲಾಗಿರೋ ಪಾಚಿ." ಕೇಳಿದವರು ನಗುತ್ತಿದ್ದರು. ಬಾವಿಕಟ್ಟೆ ಮೇಲೆ ಬೇಕಾದಷ್ಟು ಅದೆಯಲ್ಲ ಅನ್ನುತ್ತಿದ್ದರು. ನಾನೂ ಅವರ ಜೊತೆ ನಕ್ಕಿದ್ದೇನೆ.

ಆ ವರ್ಷ ದೀಪಾವಳಿ ಹೊತ್ತಿಗೆ ಅವಳು ತಮಿಳುನಾಡಿನ ಅರಿಯಲೂರಿನ ಕಡೆಯಿಂದ ಬಂದಳು. ಅಲ್ಲಿ ಸುಣ್ಣದ ಕಲ್ಲಿನ ಕ್ವಾರಿಗಳಿವೆ. ಬಹಳ ಹಿಂದೆ, ಲೆಕ್ಕಕ್ಕೆ ಸಿಗದಷ್ಟು ಹಿಂದೆ, ಆ ಜಾಗ ಸಮುದ್ರವಾಗಿತ್ತಂತೆ. ಹಾಸ್ಟೆಲ್ ಮುಚ್ಚಿತ್ತು, ಅದಕ್ಕೆ ಕಲ್ಲಿನ ಚೀಲಗಳನ್ನೆಲ್ಲ ಬಸ್ಸಿಗೆ ಹಾಕಿಕೊಂಡು ಸೀದಾ ಮನೆಗೆ ತಂದಿದ್ದಳು. ದಾರಿಯುದ್ದಕ್ಕೂ ಮಳೆ. ಬಟ್ಟೆಯ ಚೀಲಗಳು ನೆನೆದು, ಒಳಗಿದ್ದ ಚೀಟಿಗಳು ಹಿಟ್ಟಾಗಿದ್ದವು.

"ಚೀಟಿ ಹೋದ್ರೂ ಪರವಾಗಿಲ್ಲ ಕಣಕ್ಕ. ಯಾವ ಚೀಲ ಯಾವ ಪದರದ್ದು ಅಂತ ಗೊತ್ತು ನಂಗೆ. ಎಲ್ಲ ಒಣಗ್ಲಿ, ಒಂದೊಂದು ಕಲ್ಲಿಗೂ ಪೇಂಟಲ್ಲಿ ನಂಬರ್ ಬರೀತೀನಿ" ಅಂದಳು.

ಶೆಡ್ಡಿನ ಒಂದು ಬದಿಯಲ್ಲಿ ಗೋಣಿತಾಟು ಹಾಸಿ, ಬಾಗಿಲಿನಿಂದ ಗೋಡೆಯವರೆಗೆ ಸಾಲಾಗಿ ಗುಡ್ಡೆ ಸುರಿದಳು. ಬಾಗಿಲ ಹತ್ತಿರದ್ದು ಕ್ವಾರಿಯ ತಳದ ಪದರ, ಗೋಡೆ ಹತ್ತಿರದ್ದು ಮೇಲಿನ ಪದರ. ಅಂಗೈ ಅಗಲಕ್ಕಿಂತ ಸಣ್ಣ ಕಲ್ಲುಗಳು, ಬಿಳಿ, ಹಾಲುಬಿಳಿ, ಮಣ್ಣುಬಣ್ಣ.

ಅವ್ವ ಒಂದನ್ನು ಎತ್ತಿ ನೋಡಿದಳು. "ಕೆಂಪು ಪಾಚಿ ಅಂತಿದ್ದೆ. ಬೆಳ್ಳಗೈತಲ್ಲಮ್ಮಿ?"

"ಬದುಕಿದ್ದಾಗ ಕೆಂಪು ಕಣವ್ವ. ಸತ್ತ ಮೇಲೆ ಬಣ್ಣ ಎಲ್ಲಿ ಉಳೀತದೆ?"

"ಪಾಚಿ ಕೊಳೆಯಕಿಲ್ವಾ? ಕಲ್ಲೆಂಗಾಯ್ತು?"

"ಇದು ಬದುಕಿದ್ದಾಗ್ಲೇ ತನ್ನ ಮೈಯೊಳಗೇ ಸುಣ್ಣ ಕಟ್ಕೊಳ್ತದೆ. ತನ್ನ ಗೋಡೆ ತಾನೇ ಕಟ್ಕೊಂಡಂಗೆ. ಅದ್ಕೇ ಉಳ್ಕೊಂಡದೆ."

"ನಮ್ಮ ಮನೆ ಗೋಡೆಗಿಂತ ಗಟ್ಟಿ ಬುಡು" ಅಂದಳು ಅವ್ವ. ಸೊಪ್ಪು ವಿಂಗಡಿಸಲು ಬಂದಿದ್ದ ಹೆಂಗಸರೆಲ್ಲ ನಕ್ಕರು.

ಆಮೇಲೆ ತಂಗಿ ನಮಗೆಲ್ಲ ಮೂರು ಕಲ್ಲು ತೋರಿಸಿದಳು. ಒಂದು ಒಣಗಿದ ರೊಟ್ಟಿಯ ಹಾಗೆ ಹಾಸುಹಾಸಾಗಿತ್ತು. ಒಂದು ಗಂಟುಗಂಟಾದ ಉಂಡೆ. ಇನ್ನೊಂದರಲ್ಲಿ ಸಣ್ಣ ಸಣ್ಣ ಕವಲು. ಹಿಂದಿನವರು ಮೂರಕ್ಕೂ ಮೂರು ಹೆಸರಿಟ್ಟು ಹೋಗಿದ್ದಾರೆ, ಆದರೆ ಮೂರೂ ಒಂದೇ ಜಾತಿ ಇರಬಹುದು ಅಂದಳು. ಅಲೆ ಹೊಡೆಯುವ ಕಡೆ ಒಂದು ಆಕಾರ, ನೀರು ನಿಂತ ಕಡೆ ಇನ್ನೊಂದು. ಅದು ನಿಜವೋ ಅಲ್ಲವೋ ಅಂತ ತೋರಿಸುವುದೇ ಅವಳ ಕೆಲಸವಂತೆ.

ನನಗೆ ಒಪ್ಪಿಗೆಯಾಗಲಿಲ್ಲ. ಇಡೀ ವಯಸ್ಸನ್ನು ಕಣ್ಣಿಂದ ನೋಡಿ ಬೇರೆ ಮಾಡುವುದರಲ್ಲಿ ಕಳೆದವಳು ನಾನು. "ಕಣ್ಣಿಗೆ ಬೇರೆ ಕಂಡ್ಮೇಲೆ ಬೇರೇನೇ ಕಣಮ್ಮಿ. ನಿಂಗೆ ವಿಂಗಡ್ಸಕ್ ಬರಾಕಿಲ್ಲ. ನನ್ ಕೈಗೆ ಕೊಡು, ಮಧ್ಯಾನ್ನದೊಳ್ಗೆ ಬೇರೆ ಮಾಡಿಕ್ತೀನಿ" ಅಂದೆ.

ಅವಳು ನಕ್ಕುಬಿಟ್ಟಳು. "ಅಕ್ಕಾ, ಇದು ಹೊಗೆಸೊಪ್ಪಲ್ಲ ಕಣಕ್ಕ!"

ಹೆಂಗಸರೂ ನಕ್ಕರು. ಒಬ್ಬಳಂತೂ, "ಗೌರ್ಮೆಂಟಿನೋರು ಕಲ್ಲಿಗೂ ಹರಾಜ್ ಇಟ್ರೆ ಕರೀತೀವಿ, ಬಂದ್ಬುಡಕ್ಕ" ಅಂದಳು. ನನ್ನ ಶೆಡ್ಡಿನಲ್ಲಿ, ನನ್ನ ಕೈಕೆಳಗೆ ಕೆಲಸ ಮಾಡುವವರ ಮುಂದೆ. ತಂಗಿ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದರೂ ಉರಿಯಿತು.

ಮಾರನೆಯ ದಿನ ಬೆಳಿಗ್ಗೆ ಅವಳು ಪೇಂಟು, ಸಣ್ಣ ಬ್ರಷ್ಷು ತರಲು ಪಿರಿಯಾಪಟ್ಟಣಕ್ಕೆ ಹೊರಟಳು. ಹೊರಡುವ ಮುಂಚೆ ಶೆಡ್ಡಿಗೆ ಹೋಗಿ, ಮೂಲೆಯಲ್ಲಿದ್ದ ಬ್ಯಾರನ್ ಕಡ್ಡಿಗಳನ್ನು ತೆಗೆದು ಒಂದೊಂದು ಗುಡ್ಡೆಯ ಮೇಲೆ ಒಂದೊಂದನ್ನು ಅಡ್ಡ ಇಟ್ಟಳು. ಮುಟ್ಟಬೇಡಿ ಅಂತ ಬಾಯಲ್ಲಿ ಹೇಳಬೇಕಾಗಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಅವಳು ನನ್ನನ್ನು ನೋಡಿ ಹೋದಳು.

ಅವತ್ತು ಹೆಂಗಸರು ಬರುವುದು ಮಧ್ಯಾಹ್ನದ ಮೇಲೆ. ನಾನು ಬಾಗಿಲ ಹತ್ತಿರದ ಗುಡ್ಡೆಯಿಂದ ಕಡ್ಡಿ ತೆಗೆದೆ.

ಇದನ್ನೂ ಬರೆದುಬಿಡುತ್ತೇನೆ: ಆ ಕೆಲಸ ನನಗೆ ಖುಷಿ ಕೊಟ್ಟಿತು. ಕಲ್ಲಿನ ತಣ್ಣನೆಯ ಮೈ, ಬೆರಳಿಗೆ ಸಿಗುವ ಗಂಟು, ಏಣು. ಹಾಸಿನವು ಒಂದು ಕಡೆ, ಉಂಡೆಗಳು ಒಂದು ಕಡೆ, ಕವಲಿನವು ಒಂದು ಕಡೆ. ಸೊಪ್ಪು ವಿಂಗಡಿಸುವ ಹಾಗೆಯೇ ಮಾಡಿದೆ. ಒಂದು ಗುಡ್ಡೆ ಪೂರ್ತಿ ಮುಗಿಸಿಯೇ ಮುಂದಿನದಕ್ಕೆ ಕೈ ಹಾಕುವುದು, ಬಂದ ಹಾಗೆ ಒಂದರ ಮೇಲೊಂದು ಪೇರಿಸುವುದು. ನಮ್ಮ ಕೈಗೆ ಬೇರೆ ರೀತಿ ಬರುವುದಿಲ್ಲ. ಗೋಡೆಯ ಹತ್ತಿರದ ಗುಡ್ಡೆ ಮುಗಿಯುವ ಹೊತ್ತಿಗೆ ಮೂರು ಚೊಕ್ಕ ರಾಶಿಗಳಾಗಿದ್ದವು. ಎಂಥ ಹರಾಜಿನವನೂ ಒಂದು ಕಲ್ಲು ತೆಗೆದು ಆಚೆ ಇಡಲಾರದಂಥ ರಾಶಿಗಳು. ಕಡ್ಡಿಗಳನ್ನು ಮೂಲೆಗೆ ಒರಗಿಸಿ, ಅವಳು ಬರುವುದನ್ನೇ ಕಾಯುತ್ತಾ ಕೂತೆ. ಈಗ ಹೇಳಲಿ, ಸೊಪ್ಪಲ್ಲ ಅಂತ.

ಅವಳು ಬಂದಳು. ಪೇಂಟಿನ ಡಬ್ಬ ಕೈಯಲ್ಲೇ ಇತ್ತು. ಮೊದಲು ಗೋಣಿತಾಟು ನೋಡಿದಳು, ಆಮೇಲೆ ರಾಶಿಗಳನ್ನು.

"ಅಕ್ಕಾ... ಏನಾಯ್ತಕ್ಕಾ ಇದು?"

ಅವಳ ದನಿ ಕೇಳಿದೊಡನೆ ನನ್ನ ಜಂಬವೆಲ್ಲ ಇಳಿದುಹೋಯಿತು. ನನ್ನ ಬಾಯಿ ತಾನಾಗಿ ಮಾತಾಡಿತು. "ಗುಡಿಸ್ತಿದ್ದೆ ಕಣಮ್ಮಿ. ಪೊರಕೆ ತಾಕಿ ಎಲ್ಲ ಒಂದಾಗೋಯ್ತು. ಆಮೇಲೆ ಚೆಂದಾಗಿರ್ಲಿ ಅಂತ ಜೋಡಿಸ್ದೆ."

"ಕಡ್ಡಿ ಇಟ್ಟಿದ್ನಲ್ಲ?"

"ಕಲ್ಲಿಗೂ ಕಡ್ಡಿ ಲೆಕ್ಕ ಅಂತ ನಂಗೇನ್ ಗೊತ್ತು? ನಾನೇನು ನಿನ್ನಂಗೆ ಓದಿವ್ನಾ?"

ಅಷ್ಟರಲ್ಲಿ ಅವ್ವ ಬಂದು ನನ್ನ ಪರ ನಿಂತಳು. "ಓದು ಬರಹ ಇಲ್ದೋಳು, ಏನೋ ತಿಳೀದೆ ಮಾಡವ್ಳೆ. ಬೈಬ್ಯಾಡ ಬುಡಮ್ಮಿ." ತಂಗಿ ಬೈಯಲೂ ಇಲ್ಲ. ಮೆಟ್ಟಿಲ ಮೇಲೆ ಕೂತು, ಫೋನಿನಲ್ಲಿ ಹಿಂದಿನ ದಿನ ತೆಗೆದ ಫೋಟೋ ಹುಡುಕಿದಳು, ಗುಡ್ಡೆಗಳ ಮೇಲ್ಗಡೆ ಕಾಣುತ್ತಿದ್ದ ಕೆಲವೇ ಕಲ್ಲುಗಳ ಗುರುತು ಸಿಕ್ಕಿತು. ಉಳಿದವನ್ನು ಬಾಚಿ ಬಾಚಿ ಚೀಲಕ್ಕೆ ಸುರಿಯತೊಡಗಿದಳು.

ಇಲ್ಲಿ ನಿಲ್ಲಿ. ನನ್ನ ನಿಜವಾದ ತಪ್ಪು ಇಲ್ಲಿದೆ.

ಅವಳು ಚೀಲಕ್ಕೆ ಸುರಿಯುವಾಗ ನನಗೆ ಹೊಳೆಯಿತು. ನನ್ನ ರಾಶಿಗಳಲ್ಲಿ ಅಡಿಯಲ್ಲಿರುವವು ಬಾಗಿಲ ಗುಡ್ಡೆಯವು, ತುದಿಯಲ್ಲಿರುವವು ಗೋಡೆಯ ಗುಡ್ಡೆಯವು. ನಾನು ಒಂದಾದ ಮೇಲೊಂದರಂತೆ ಎತ್ತಿದ್ದೆ, ಪೇರಿಸಿದ್ದೆ. ಮೇಲಿನಿಂದ ಹುಷಾರಾಗಿ ಇಳಿಸುತ್ತಾ ಬಂದರೆ ಪದರಗಳು ಹೆಚ್ಚುಕಮ್ಮಿ ಮತ್ತೆ ಸಿಗುತ್ತಿದ್ದವು. ಅದಕ್ಕೆ ಬೇಕಾಗಿದ್ದದ್ದು ಒಂದು ಮಾತು: ನಾನು ಗುಡಿಸಲಿಲ್ಲ, ಬೇಕೆಂದೇ ವಿಂಗಡಿಸಿದೆ. ಬಾಯಿ ತೆರೆದೆ. ಅವ್ವ ನನ್ನ ಬೆನ್ನ ಮೇಲೆ ಕೈ ಇಟ್ಟಿದ್ದಳು. ಮುಚ್ಚಿದೆ. ಚೀಲಕ್ಕೆ ಬೀಳುವ ಕಲ್ಲಿನ ಸದ್ದು ಮುಗಿಯುವವರೆಗೂ ಅಲ್ಲೇ ನಿಂತಿದ್ದೆ.

ತಂಗಿ ಹಬ್ಬ ಮುಗಿಸದೆ ಮೈಸೂರಿಗೆ ಹೋದಳು. ಮತ್ತೆ ಆ ಕ್ವಾರಿಗೆ ಹೋದಾಗ, ಅವಳು ಕಲ್ಲು ತೆಗೆದಿದ್ದ ಗೋಡೆಯನ್ನೇ ಮಷೀನು ಕಡಿದು ಸಾಗಿಸಿತ್ತಂತೆ.

ಊರಲ್ಲಿ ಮಾತ್ರ ನನ್ನ ಹೆಸರು ಬೆಳೆಯಿತು. ತಂಗಿಗಾಗಿ ಓದು ಬಿಟ್ಟವಳು, ಪಾಪ, ಗೊತ್ತಿಲ್ಲದೆ ಏನೋ ಮಾಡಿದಳು, ತಂಗಿಯೂ ಎಂಥ ಒಳ್ಳೆಯವಳು ನೋಡಿ, ಒಂದು ಮಾತು ಆಡಲಿಲ್ಲ. ತಂಗಿ ಹೊರಡುವ ಮುಂಚೆ ತನ್ನ ಸಂಶೋಧನೆಯ ಮೇಷ್ಟ್ರಿಗೆ ಫೋನಿನಲ್ಲಿ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ: "ಇಲ್ಲ ಸರ್, ನಮ್ಮಕ್ಕ ಓದಿಲ್ಲ. ಅವಳ ತಪ್ಪೇನೂ ಇಲ್ಲ." ಬೈದಿದ್ದರೆ ಜೀರ್ಣವಾಗುತ್ತಿತ್ತು. ಇದು ಆಗಲಿಲ್ಲ. ನನ್ನ ಬಾಯಿಂದ ಬಂದ ಸುಳ್ಳನ್ನು ಅವಳು ತನ್ನ ಬಾಯಿಂದ ಸತ್ಯ ಅಂತ ಹೇಳುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ ರಾಗಿಹುರಿಹಿಟ್ಟು ಕಟ್ಟಿಕೊಂಡು ಅವಳನ್ನು ನೋಡಲು ಹೋದೆ. ಹುಣಸೂರಿನಲ್ಲಿ ಬಸ್ಸು ಬದಲಾಯಿಸುವಾಗ ವಾಪಸ್ಸು ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ.

ಕಾಲೇಜಿನಲ್ಲಿ ಅವಳು ಕೆಲಸ ಮಾಡುವ ಕೋಣೆಯಲ್ಲಿ ಮೈಕ್ರೋಸ್ಕೋಪಿತ್ತು. ಕಲ್ಲನ್ನು ಗರಗಸದಲ್ಲಿ ಕೊಯ್ದು, ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜುತ್ತಾರೆ. ಒಂದು ಕಣ್ಣು ಮುಚ್ಚಿ ನೋಡು ಅಂದಳು. ನೋಡಿದೆ. ಸಾಲು ಸಾಲು ಸಣ್ಣ ಕೋಣೆಗಳು, ಒಂದರ ಮೇಲೊಂದು ಕಟ್ಟಿದ ಹಾಗೆ. ಅವುಗಳ ನಡುವೆ ಒಂದು ಕಡೆ ಖಾಲಿ ಗೂಡು.

"ಅದು ಬೀಜದ ಗೂಡಿದ್ದಂಗೆ ಕಣಕ್ಕ. ಅದರ ಸೂರು ನೋಡು. ಒಂದೇ ತೂತೈತಾ, ಜರಡಿ ಥರ ತುಂಬಾ ತೂತೈತಾ? ಅದ್ರ ಮೇಲೆ ಜಾತಿ ಹೇಳ್ಬೇಕು. ಹೊರಗಿನ ಆಕಾರ ನಂಬಕ್ಕಾಗಲ್ಲ."

"ಎಲ್ಲದ್ರಲ್ಲೂ ಈ ಗೂಡಿರ್ತದಾ?"

"ಎಲ್ಲಿರ್ತದೆ? ಕೆಲವು ಗೂಡು ಕಟ್ಟೋಕೆ ಮುಂಚೇನೇ ಸತ್ತವು. ಕೆಲವದ್ರಲ್ಲಿ ಇದ್ರೂ ಗರಗಸ ಪಕ್ಕದಲ್ಲಿ ಹಾದೋಯ್ತದೆ. ಈಗ ಸಮುದ್ರದಲ್ಲಿ ಬದುಕಿರೋ ಪಾಚಿಗಾದ್ರೆ ಅದರ ಡಿಎನ್ಎ ನೋಡಿ ಇಂಥದ್ರ ಮಗಳು, ಇಂಥದ್ರ ತಂಗಿ ಅಂತ ಹೇಳ್ಬಹುದು. ಅಲ್ಲೂ ಕಣ್ಣಲ್ಲಿ ನೋಡಿ ಒಂದೇ ಅಂದುಕೊಂಡಿದ್ದು ಎಷ್ಟೋ ಬೇರೆ ಆಗೋಗವೆ. ಕಲ್ಲಲ್ಲಿ ಅದೂ ಇಲ್ಲ. ಹಳಬ್ರು ಹೆಸರಿಟ್ಟ ಕಲ್ಲು ತೆಗೆದು ನೋಡಿದ್ರೆ ಅದ್ರಲ್ಲೂ ಗೂಡಿಲ್ಲ, ಬರೀ ಹೆಸರು."

"ಅಂಗಾದ್ರೆ ಗೂಡಿಲ್ಲದ್ದಕ್ಕೆ ಏನ್ ಮಾಡ್ತೀಯ?"

"ಒಂದೇ ಪದರದಲ್ಲಿ ಅದರ ಜೊತೆಗಿದ್ದೋರ್ಯಾರು ಅಂತ ನೋಡ್ತಿದ್ದೆ. ಹಾಸು, ಉಂಡೆ, ಕವಲು ಮೂರೂ ಒಟ್ಟಿಗಿದ್ದು, ಒಂದರಲ್ಲಿ ಗೂಡು ಸಿಕ್ಕಿದ್ರೂ ಉಳಿದವಕ್ಕೆ ಒಂದು ದಾರಿ ಸಿಗ್ತಿತ್ತು. ಖಾತ್ರಿ ಅಲ್ಲ, ದಾರಿ. ಈಗ ಕಲ್ಲಿಗೆ ಮೆತ್ತಿರೋ ಮಣ್ಣು, ಮರಳು ನೋಡಿ ಅರ್ಧದಷ್ಟು ವಾಪಸ್ಸು ಅವುಗಳ ಪದರಕ್ಕೆ ಸೇರಿಸಿವ್ನಿ. ಉಳಿದವು ಕಲಸ್ಕೊಂಡ ಮೇಲೆ ಜೋಡಿಸಿದ್ದಲ್ವಾ, ಅವಕ್ಕೆ ದಾರಿ ಇಲ್ಲ. ಹೋಗ್ಲಿ ಬುಡು."

ನಾನು ಯಾವುದನ್ನು ಬೇರೆ ಮಾಡಿದ್ದೆನೋ ಅದು ಒಟ್ಟಿಗೆ ಇರುವುದೇ ಅವಳಿಗೆ ಬೇಕಾಗಿತ್ತು. ಆ ಗಾಜಿನ ಮುಂದೆ ಕೂತೇ ಹೇಳಿದೆ.

"ಕಲಸ್ಕೊಂಡಿರ್ಲಿಲ್ಲ ಕಣಮ್ಮಿ. ನಾನು ಗುಡಿಸ್ಲೇ ಇಲ್ಲ. ಒಂದೊಂದೇ ಗುಡ್ಡೆ ತಕ್ಕೊಂಡು ಬೇಕಂತ್ಲೇ ಗ್ರೇಡ್ ಮಾಡ್ದೆ. ತಳದ ಪದರ ಅಡೀಲಿತ್ತು, ಮೇಲಿಂದು ಮೇಲಿತ್ತು."

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಅವಳೂ ಅದೇ ಶೆಡ್ಡಿನಲ್ಲಿ ಬೆಳೆದವಳು.

"ಕಡ್ಡಿ?"

"ನೋಡಿದ್ದೆ. ತೆಗ್ದೆ."

"ಅವತ್ತೇ ಹೇಳಿದ್ರೆ ರಾಶಿ ಇಳಿಸ್ಬೋದಿತ್ತು."

"ಊಂ. ನೀನು ಚೀಲಕ್ಕೆ ತುಂಬೋವಾಗ್ಲೇ ಗೊತ್ತಿತ್ತು ನಂಗೆ."

"ಊರಿಗೆಲ್ಲ ಹೇಳ್ಕೊಂಡು ಬಂದ್ನಲ್ಲಕ್ಕ, ನಮ್ಮಕ್ಕಂಗೆ ಗೊತ್ತಿರ್ಲಿಲ್ಲ ಅಂತ!" ಅವಳು ಕೂಗಲಿಲ್ಲ, ಆದರೆ ಪಕ್ಕದ ಕೋಣೆಯವರು ಇಣುಕಿದರು. "ಚಿಕ್ಕೋಳಿದ್ದಾಗ ಕಡ್ಡಿ ಎಳೆದಿದ್ದಕ್ಕೆ ನಂಗೆ ಎಂಗೆ ಬಾರಿಸಿದ್ದೆ, ಗ್ಯಾಪ್ನ ಐತಾ?"

"ಅದೆ. ಈಗ ನೀನು ಬಾರ್ಸು."

"ಏಳಕ್ಕ, ಎದ್ದೋಗು. ಬಸ್ಸಿಗೆ ಹೊತ್ತಾಯ್ತು."

ಹುರಿಹಿಟ್ಟಿನ ಡಬ್ಬ ಅಲ್ಲೇ ಬಿಟ್ಟು ಬಂದೆ. ಬಹಳ ದಿನ ಅವಳು ಅವ್ವನಿಗೆ ಮಾತ್ರ ಫೋನು ಮಾಡಿದಳು.

ಈ ನಡುವೆ ಅವಳ ಮೇಷ್ಟ್ರು, ಜಾಗ ಗೊತ್ತಿಲ್ಲದ ಕಲ್ಲುಗಳಿಗೂ ಹಳಬರ ಹಾಗೆ ಆಕಾರ ನೋಡಿ ಹೆಸರು ಹಾಕಿ ಮುಗಿಸು ಅಂದರಂತೆ. ಇವಳು ಒಪ್ಪಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆದಳು, ಆ ಕಲ್ಲುಗಳನ್ನು ಹೆಸರಿಲ್ಲದೆ ಬಿಟ್ಟಳು. ಅದಕ್ಕಾಗಿ ಅವಳ ಕೆಲಸ ತಡವಾಯಿತು. ಕಲ್ಲು ಕುಟ್ಟುತ್ತಾ ಕೂತರೆ ಮದುವೆ ಯಾವಾಗ ಅಂತ ನೆಂಟರು ಕೇಳಿದರು. ಅವರಿಗೆ ಉತ್ತರ ಕೊಡುವ ಕೆಲಸ ನಾನು ವಹಿಸಿಕೊಂಡೆ. ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಅವ್ವನ ಫೋನು ಕಿತ್ತುಕೊಂಡು ಒಂದು ದಿನ ಕೇಳಿದೆ. "ನಿನ್ನ ಸಂಶೋಧನೆ ಪುಸ್ತಕದಲ್ಲಿ ಕಲ್ಲು ಕಲಸಿದ್ದಕ್ಕೆ ಏನ್ ಕಾರಣ ಬರ್ದಿದ್ದೀಯ?"

"ಮನೆಯವರ ಅರಿವಿಲ್ಲದೆ ಆದದ್ದು ಅಂತ."

"ಅಳಿಸು. ಗೊತ್ತಿದ್ದೂ ಮಾಡಿದ್ಲು ಅಂತ ಬರಿ."

"ಅದ್ನೆಲ್ಲ ಅಲ್ಲಿ ಬರೆಯೋಕಾಗಲ್ಲ ಕಣಕ್ಕ. ಹೆಂಗೆ ಕಲಸ್ತು ಅನ್ನೋದಷ್ಟೇ ಬೇಕು ಅಲ್ಲಿಗೆ." ಮತ್ತೆ ಅವಳೇ, "ಅರಿವಿಲ್ಲದೆ ಅನ್ನೋದ್ನ ತೆಗೀತೀನಿ" ಅಂದಳು. ಆಮೇಲೆ ತೆಗೆದಳು.

ಉಳಿದದ್ದನ್ನು ನಾನು ಇಲ್ಲಿ ಬರೆಯುತ್ತಿದ್ದೇನೆ. ಓದಿಲ್ಲದವಳು, ಆದ್ದರಿಂದ ತಿಳಿಯದೆ ಮಾಡಿದಳು ಅಂತ ನನ್ನ ಪರವಾಗಿ ಮಾತಾಡುವವರಿಗೆ ಒಂದು ಮಾತು. ನನ್ನ ತಪ್ಪನ್ನು ನನ್ನ ಏಳನೇ ತರಗತಿಯ ಮೇಲೆ ಹೊರಿಸಬೇಡಿ. ಆ ಕಡ್ಡಿಯ ಅರ್ಥ ನನಗಿಂತ ಚೆನ್ನಾಗಿ ಬಲ್ಲವರು ಈ ತಾಲ್ಲೂಕಿನಲ್ಲಿ ಇಲ್ಲ. ಓದಿಲ್ಲದವರಿಗೆ ಅಸೂಯೆ ಬರುತ್ತದೆ, ಸುಳ್ಳು ಹೇಳಲೂ ಬರುತ್ತದೆ, ಎರಡಕ್ಕೂ ಯಾವ ಸರ್ಟಿಫಿಕೇಟೂ ಬೇಡ. ಮೊನ್ನೆ ಕೆ.ಆರ್.ನಗರದಲ್ಲಿ ನೆಂಟರ ಮನೆಯ ನಾಮಕರಣದಲ್ಲಿ ಒಬ್ಬಾಕೆ ಮತ್ತೆ ಅದೇ ರಾಗ ಎಳೆದಳು: "ಪಾಪ, ಇವ್ಳಿಗೇನ್ ಗೊತ್ತು?" ಎಲೆಯ ಮುಂದೆ ಕೂತಿದ್ದವರೆಲ್ಲ ಕೇಳುವ ಹಾಗೆ ಅಂದೆ: "ಗೊತ್ತಿತ್ತು ಕಣ್ರೀ. ಚೆನ್ನಾಗ್ ಗೊತ್ತಿತ್ತು." ಪಾಯಸ ಬಡಿಸುತ್ತಿದ್ದವನ ಸೌಟು ಅಲ್ಲೇ ನಿಂತಿತು.

ಈ ಸಲ ಸೊಪ್ಪು ಬೆಂದು ಶೆಡ್ಡಿಗೆ ಬಂದ ಹೊತ್ತಿಗೆ ತಂಗಿ ಬೇರೊಂದು ಕಡೆಯ ಕಲ್ಲು ಹೊತ್ತು ಮನೆಗೆ ಬಂದಳು. ಒಂದೊಂದು ಕಲ್ಲಿನ ಮೇಲೂ ಪೇಂಟಿನ ನಂಬರು ಇತ್ತು, ತೆಗೆದ ಜಾಗದಲ್ಲೇ ಬರೆದು ತಂದಿದ್ದಳು. ಸರಿಯಾಗಿಯೇ ಮಾಡಿದ್ದಳು. ಹಳೆಯ ಮೂಲೆಯಲ್ಲೇ ಗೋಣಿತಾಟು ಹಾಸಿ ಗುಡ್ಡೆ ಸುರಿದಳು. ಆಮೇಲೆ ಮೂಲೆಯಿಂದ ಕಡ್ಡಿಗಳನ್ನು ತಂದು ಒಂದೊಂದರ ಮೇಲೂ ಅಡ್ಡ ಇಟ್ಟಳು.

"ನಂಬರ್ ಬರ್ದಿದ್ದೀಯಲ್ಲ, ಇನ್ ಕಡ್ಡಿ ಯಾಕಮ್ಮಿ?" ಅವ್ವ ಕೇಳಿದಳು.

"ಇರ್ಲಿ ಬುಡವ್ವ" ಅಂದಳು. ನನ್ನ ಕಡೆ ನೋಡಲಿಲ್ಲ. ಒಳಗೆ ಹೋಗಿ ಮಲಗಿದಳು, ದಾರಿಯ ದಣಿವು.

ನಾನು ಶೆಡ್ಡಿನ ಕಸ ಗುಡಿಸಿದೆ. ಆ ಮೂಲೆಯ ಹತ್ತಿರ ಬಂದಾಗ ಪೊರಕೆ ತಿರುಗಿಸಿದೆ. ಸೊಪ್ಪಿನ ಪುಡಿ, ಧೂಳು ಎಲ್ಲ ಅಲ್ಲಿ ಹಾಗೇ ಇದೆ. ಅವಳು ಎದ್ದ ಮೇಲೆ ಬೇಕಾದರೆ ಅವಳೇ ಗುಡಿಸಲಿ.